‘ಡೆಡ್‌ಲಾಕ್’ ಶಬ್ದವೂ ಅದರ ಕನ್ನಡವೂ

ರಾಜಕೀಯ ಮಾತುಕತೆಗಳು ನಿಂತುಹೋದಾಗಲೆಲ್ಲ ಆಂಗ್ಲ ಪತ್ರಿಕೆಗಳು ‘ಡೆಡ್‌ಲಾಕ್’ ಎಂದು ಬರೆಯುತ್ತವೆ. ನಮ್ಮವರು ಕೂಡಲೆ ಅದನ್ನು ‘ಕಗ್ಗಂಟು’ ಎಂದು ಕನ್ನಡಿಸಿ ಕೃತಾರ್ಥರಾಗುತ್ತಾರೆ. ಆದರೆ ಇವೆರಡೂ ಒಂದೇ ಅರ್ಥದವುಗಳಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು.

ಇಲ್ಲಿ ‘ಡೆಡ್’ ಎಂದರೆ ಸತ್ತದ್ದೆಂದಲ್ಲ. ಪೂರ್ಣ, ಕಡೆಮುಟ್ಟಿದ ಎಂದರ್ಥ. ಈ ಶಬ್ದದ ಮೊದಮೊದಲ ಪ್ರಯೋಗವೊಂದು 1779ರ ‘ದಿ ಕ್ರಿಟಿಕ್’ ಎಂಬ ನಾಟಕದಲ್ಲಿದೆ. ಕರ್ತೃವು ಷೆರಿಡನ್. ಔಧದ ಬೇಗಮರಿಗಾದ ಅನ್ಯಾಯಕ್ಕಾಗಿ ವಾರನ್ ಹೇಸ್ಟಿಂಗ್ಸನ ಮೇಲೆ ಪಾರ್ಲಿಮೆಂಟಿನಲ್ಲಿ ಗರ್ಜಿಸಿದವನು ಇವನೇ. ನಾಟಕದೊಳಗಿನ ನಾಟಕದಲ್ಲಿ ಇಬ್ಬರು ತರುಣಿಯರು ಒಬ್ಬ ಸ್ಪ್ಯಾನಿಶ್ ಬಂದಿಯ ಮೇಲೆ ಕಠಾರಿ ಎತ್ತುತ್ತಾರೆ. ಅವರ ಚಿಕ್ಕಪ್ಪಂದಿರು ಅವರ ಕೈಗಳನ್ನು ಹಿಡಿದು, ತಮ್ಮ ಕತ್ತಿಗಳ ಮೊನೆಯನ್ನು ಬಂದಿಯತ್ತ ತಿರುಹುತ್ತಾರೆ. ಬಂದಿಯು ಎರಡು ಕಠಾರಿಗಳನ್ನು ಆ ತರುಣಿಯರ ಎದೆಗೇ ಒಡ್ಡುತ್ತಾನೆ. ಮೊದಲು ಕೈಬಿಡಲು ಎಲ್ಲರಿಗೂ ಅಂಜಿಕೆ. ಇದನ್ನೇ ಷೆರಿಡನ್ ಡೆಡ್‌ಲಾಕ್ ಎಂದು ಕರೆದನು. ಕಡೆಗೆ ಕಾವಲುಗಾರನೊಬ್ಬನು ಬಂದು, ರಾಣಿಯ ಹೆಸರಿನಲ್ಲಿ ಆಯುಧಗಳನ್ನು ಕೆಳಗಿಡಿರೆಂದು ಆಜ್ಞಾಪಿಸಲು, ಎಲ್ಲವೂ ಕ್ಷಣದಲ್ಲಿ ಸಡಿಲುತ್ತದೆ!

ಫ್ರೆಂಚರ ‘ಆಂಪಾಸ್’ ಬೇರೆಯೇ ಜಾತಿಯದು. ಕುರುಡು ಓಣಿಗೆ ಅವರು ‘ಚೀಲದ ತಳ’ ಎಂಬರ್ಥದ ಅಸಭ್ಯ ಹೆಸರನ್ನು ಬಳಸುತ್ತಿದ್ದರು. ವಾಲ್ತೇರನು ಅದಕ್ಕೆ ಬೇಸತ್ತು, ದಾಟಲಾಗದ್ದು ಎಂಬ ಈ ಸಭ್ಯ ಶಬ್ದವನ್ನು ಸೂಚಿಸಿದನು. ಅಲ್ಲಿ ಎದುರಿಗಿರುವದು ಬರಿಯ ಗೋಡೆ. ನಮ್ಮ ಕಗ್ಗಂಟಾದರೂ ಕಡಿದಾದ ಗಂಟು, ತಪ್ಪೆಲ್ಲ ದಾರದ್ದು. ಎರಡರಲ್ಲಿಯೂ ಕಠಾರಿ ಹಿಡಿದವನು ಕಾಣುವದಿಲ್ಲ.

ಇದು ಪಂಡಿತರ ಹಟವೆಂದು ತಳ್ಳಿಹಾಕುವಂತಿಲ್ಲ. 1942ರಿಂದ 1945ರ ವರೆಗೆ ಹಿಂದುಸ್ತಾನದ ಸ್ಥಿತಿಗೆ ಬ್ರಿಟಿಶ್ ಪತ್ರಿಕೆಗಳು ಇಟ್ಟ ಹೆಸರು ಡೆಡ್‌ಲಾಕ್ ಎಂಬುದೇ. 1942ನೆಯ ಆಗಸ್ಟ 9ರಂದು ಕಾಂಗ್ರೆಸ್ ಮುಖಂಡರನ್ನು ಸೆರೆಗೆ ತಳ್ಳಿದವರೂ, 1945ನೆಯ ಜೂನ್ 15ರಂದು ಕಾರ್ಯಸಮಿತಿಯವರನ್ನು ಬಿಟ್ಟವರೂ ಆಳುವವರೇ. ಬೀಗದ ಕೈ ತಮ್ಮ ಸೊಂಟದಲ್ಲಿರಲು ಬೀಗ ತೆರೆಯಲೊಲ್ಲದೆಂದು ಮರುಗುವದು ಎಂಥ ನ್ಯಾಯ? ಆ ಜೂನ್ 25ರಿಂದ ಜುಲೈ 14ರ ವರೆಗೆ ಸಿಮ್ಲಾ ಪರಿಷತ್ತು ನಡೆದು, ಮುಸಲ್ಮಾನ ಸದಸ್ಯರೆಲ್ಲರನ್ನೂ ಲೀಗೇ ಸೂಚಿಸಬೇಕೆಂಬ ಪಟ್ಟಿನಿಂದ ಮುರಿಯಿತೆಂಬುದು ಸತ್ಯ. ನಮ್ಮವರ ಕೈಗಳಲ್ಲಿಯೂ ಕಠಾರಿಗಳಿದ್ದವೆಂದು ಒಪ್ಪಬೇಕು. ಆದರೆ ಷೆರಿಡನ್ನನ ಕಾವಲುಗಾರನಂತೆ ಆಜ್ಞಾಪಿಸುವ ಸ್ಥಾನದಲ್ಲಿದ್ದ ವೇವೆಲ್ ಸಾಹೇಬರು ಪರಿಷತ್ತು ಸೋತಿತೆಂದು ಸಾರಿ ಎದ್ದುಹೋದರು. ಇದನ್ನು ‘ಕಗ್ಗಂಟು’ ಎಂದು ಬರೆದ ಕನ್ನಡಿಗನು ತಿಳಿಯದೆಯೇ ವೈಸರಾಯರ ವಕಾಲತ್ತು ವಹಿಸಿದಂತೆ. ಕನ್ನಡದಲ್ಲಿ ‘ಪಟ್ಟು’ ಎಂಬ ಮಲ್ಲರ ಶಬ್ದವಿದೆಯಲ್ಲ! ‘ಪರಸ್ಪರ ಪಟ್ಟು’ ಎಂದರೆ ಪಟ್ಟು ಹಾಕಿದವರು ಯಾರೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ನಮ್ಮ ರಾಜ್ಯಘಟನೆಯನ್ನು ಬರೆದವರಿಗೆ ಈ ಅಪಾಯವು ಗೊತ್ತಿತ್ತು. ಲೋಕಸಭೆ ರಾಜ್ಯಸಭೆಗಳು ಒಂದನ್ನೊಂದು ಹಿಡಿದು ನಿಂತರೆ 108ನೆಯ ಅನುಚ್ಛೇದದಂತೆ ಜಂಟಿ ಅಧಿವೇಶನ. 1961, 1978, 2002ರಲ್ಲಿ ಹಾಗೆಯೇ ಬಿಡಿಸಲಾಯಿತು. ವಿಧಾನಸಭೆ ಮತ್ತು ವಿಧಾನಪರಿಷತ್ತುಗಳಿಗಾದರೋ 197ನೆಯ ಅನುಚ್ಛೇದದಲ್ಲಿ ಆ ಉಪಾಯವೂ ಇಲ್ಲ. ಪರಿಷತ್ತು ಮೊದಲು ಮೂರು ತಿಂಗಳು, ಸಭೆಯು ಮತ್ತೆ ಮಂಜೂರು ಮಾಡಿದ ಮೇಲೆ ಒಂದು ತಿಂಗಳು ತಡೆಯಬಹುದು. ಆಮೇಲೆ ಸಭೆಯ ಮಾತೇ ನಡೆಯುವದು. ಆದುದರಿಂದ ಬೆಂಗಳೂರಿನ ವರದಿಗಾರರು ಅಲ್ಲಿಯ ಎಳೆದಾಟಕ್ಕೆ ‘ಡೆಡ್‌ಲಾಕ್’ ಎಂದು ಬರೆಯುವದು ಕಾನೂನಿಗೂ ಒಪ್ಪದು, ಕನ್ನಡಕ್ಕೂ ಒಪ್ಪದು.