ಹೊಟ್ಟೆಯ ಸ್ಕ್ಯಾನ್‌ನಲ್ಲಿ 'ಗಂಟು' ಎಂದರೆ ಕ್ಯಾನ್ಸರ್ ಅಂತಲೇ ಅರ್ಥವೇ?

ಬಸವಕಲ್ಯಾಣದ ನಾರಾಯಣಪುರವಾಗಲಿ, ಬೆಂಗಳೂರಾಗಲಿ, ಮಗುವಿನ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ 'ಮೆಸೆಂಟೆರಿಕ್ ಲಿಂಫ್ ನೋಡ್' ಎಂದಿದ್ದರೆ ಮನೆಯವರು ಗಾಬರಿಯಾಗುತ್ತಾರೆ. ಇದು ಕ್ಯಾನ್ಸರ್ ಗಡ್ಡೆಯೇ? ಬಹುತೇಕ ಸಲ ಅಲ್ಲ.

ಕರುಳನ್ನು ಹಿಡಿದಿಡುವ ಪೊರೆಯಲ್ಲಿ ಎಲ್ಲರಿಗೂ ದುಗ್ಧಗ್ರಂಥಿಗಳಿವೆ. ಕರುಳಿಗೆ ಬಂದ ರೋಗಾಣುಗಳನ್ನು ತಡೆಯುವಾಗ ಅವು ಊದಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ವೈರಸ್ಸೇ ಕಾರಣ. ಸಾಮಾನ್ಯವಾಗಿ 4 ವಾರಗಳೊಳಗೆ ತಾನಾಗಿ ವಾಸಿಯಾಗುತ್ತದೆ. ವೈರಸ್‌ಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಬ್ಯಾಕ್ಟೀರಿಯಾವೂ ಕಾರಣವಾಗಬಹುದು: ಯೆರ್ಸಿನಿಯಾ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ, ನಮ್ಮ ದೇಶದಲ್ಲಿ ಮರೆಯಲೇಬಾರದ ಕ್ಷಯ. ಯೆರ್ಸಿನಿಯಾ ಸೋಂಕಿನ ನೋವು ಹೊಟ್ಟೆಯ ಬಲ ಕೆಳಭಾಗದಲ್ಲಿ ಬಂದು ಅಪೆಂಡಿಸೈಟಿಸ್‌ನಂತೆಯೇ ಕಾಣಬಹುದು.

ಹಾಗಾಗಿ ನಾವು ಹೇಳುವುದಿಷ್ಟು: ಬಲಬದಿಯ ನೋವು ಹೆಚ್ಚುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಎರಡು ವಾರ ದಾಟಿದ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಹಾಲು ಕಾಯಿಸಿ ಕುಡಿಸಿ, ಕೈ ತೊಳೆಸಿ. ಮೆಡಿಕಲ್ ಶಾಪ್‌ನಿಂದ ನೀವೇ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ. ವರದಿಯ ಫೋಟೊವನ್ನು ಗ್ರೂಪ್‌ಗೆ ಹಾಕುವ ಬದಲು ವೈದ್ಯರಿಗೆ ತೋರಿಸಿ.