27 ವರ್ಷದ ಲೆಕ್ಕ ಕೊಡಿ, ಆಮೇಲೆ ಸೂಪರ್‌ಸಾನಿಕ್ ಮಾತಾಡಿ

ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಹೊತ್ತೊಯ್ಯುತ್ತಿದ್ದ ಕಾನ್ಕಾರ್ಡ್ ವಿಮಾನಕ್ಕಾಗಿ ಕಣ್ಣೀರು ಹಾಕುವುದು ಮತ್ತೆ ಶುರುವಾಗಿದೆ. 2025ರ ಜನವರಿ 28ರಂದು ಅಮೆರಿಕದ ಬೂಮ್ ಕಂಪನಿಯ ಎಕ್ಸ್‌ಬಿ-1 ಎಂಬ ಪುಟ್ಟ ವಿಮಾನ ಶಬ್ದದ ವೇಗ ದಾಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಾಸಾದ ಎಕ್ಸ್-59 ಮೊದಲ ಸಲ ಹಾರಿತು. ಅಷ್ಟಕ್ಕೇ ನಮ್ಮ ವೇಗದ ವಕೀಲರು ಎದ್ದು ಕೂತಿದ್ದಾರೆ. 2003ರಲ್ಲಿ ಕಾನ್ಕಾರ್ಡ್ ನಿಲ್ಲಿಸಿದ್ದು ಮನುಷ್ಯ ಹಿಂದಕ್ಕಿಟ್ಟ ಹೆಜ್ಜೆಯಂತೆ, ಬುಲೆಟ್ ರೈಲು, ಕೊಳವೆಯೊಳಗೆ ಓಡುವ ಹೈಪರ್‌ಲೂಪ್, ಸೂಪರ್‌ಸಾನಿಕ್ ವಿಮಾನ ಇವೇ ನಾಳೆಯ ಅಭಿವೃದ್ಧಿಯಂತೆ, ಬೇಡ ಎನ್ನುವವರು ಪ್ರಗತಿಯ ಶತ್ರುಗಳಂತೆ. ದಢೇಸುಗೂರಿನ ಸೇತುವೆಯ ಈಚೆ, ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಬದುಕುವ ನಮಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಯಾಕೆಂದು ಒಂದೇ ಅಂಕಿಯಲ್ಲಿ ಹೇಳುತ್ತೇನೆ: 27.

ಕಾನ್ಕಾರ್ಡ್ ಮೊದಲ ಸಲ ಟಿಕೆಟ್ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 1976ರ ಜನವರಿ 21ರಂದು, ಕೊನೆಯವರನ್ನು ಇಳಿಸಿದ್ದು 2003ರ ಅಕ್ಟೋಬರ್ 24ರಂದು. ನಡುವೆ 27 ವರ್ಷ. ನಮ್ಮೂರು ಹಾಯುವ ಗಿಣಿಗೇರಾ–ಮೆಹಬೂಬನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ, ಆ ಹಳಿಯ ಮೇಲೆ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚಿನಲ್ಲಿ. ಅದೂ 27 ವರ್ಷ. ಗಂಟೆಗೆ 2,000 ಕಿಲೋಮೀಟರ್ ಮೀರಿ ಹಾರಿದ ವಿಮಾನವೊಂದು ಸೇವೆಗೆ ಇಳಿದು, ಮೆರೆದು, ವಸ್ತುಸಂಗ್ರಹಾಲಯ ಸೇರಲು ಎಷ್ಟು ಕಾಲ ಹಿಡಿಯಿತೋ ಅಷ್ಟೇ ಕಾಲ ಹಿಡಿಯಿತು, ಗಿಣಿಗೇರಾದಿಂದ ನಮ್ಮೂರ ಕಡೆಗೆ ನೂರು ಕಿಲೋಮೀಟರಿಗಿಂತ ಕಡಿಮೆ ಹಳಿ ಹಾಕಲು. ಗಂಗಾವತಿಯಲ್ಲಿ ನಿಂತಿತು, ಕಾರಟಗಿಯಲ್ಲಿ ನಿಂತಿತು, ಸಿಂಧನೂರಿಗೆ ಬಂದು ಮತ್ತೆ ನಿಂತಿತು. ಜಿಲ್ಲಾ ಕೇಂದ್ರವಾದ ರಾಯಚೂರು ಆಗಲೂ ಮುಂದೆಯೇ ಉಳಿಯಿತು. ಇಷ್ಟರ ನಡುವೆ ಎಷ್ಟು ರೈಲ್ವೆ ಮಂತ್ರಿಗಳು ಬಂದುಹೋದರು, ಎಷ್ಟು ಚುನಾವಣೆಗಳಲ್ಲಿ ಇದೇ ಹಳಿಯ ಮೇಲೆ ಮತ ಕೇಳಿದರು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ಕಾನ್ಕಾರ್ಡ್ ಸತ್ತದ್ದು ಅಪಘಾತದಿಂದ ಎಂದು ಹೇಳುವವರಿದ್ದಾರೆ. 2000ದ ಜುಲೈ 25ರಂದು ಪ್ಯಾರಿಸ್ ಬಳಿ ಬಿದ್ದು 113 ಜನ ಸತ್ತದ್ದು ನಿಜ. ಆದರೆ ಅದರ ಆಯುಷ್ಯ ಮುಗಿದದ್ದು ಬಹಳ ಮೊದಲೇ. 1962ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಪ್ಪಂದ ಮಾಡಿಕೊಂಡಾಗ ಹಾಕಿದ ಅಂದಾಜು ಹಲವು ಪಟ್ಟು ಉಬ್ಬಿತು. ಆ ಹಣ ಕೊಟ್ಟವರು ಆ ವಿಮಾನದ ಮೆಟ್ಟಿಲನ್ನು ಎಂದೂ ತುಳಿಯದ ತೆರಿಗೆದಾರರು. ಹತ್ತಾರು ವಿಮಾನ ಸಂಸ್ಥೆಗಳು ಹೆಸರು ಬರೆಸಿದ್ದವು, ನಮ್ಮ ಏರ್ ಇಂಡಿಯಾ ಕೂಡ ಎರಡು ವಿಮಾನ ಕಾದಿರಿಸಿತ್ತು. ಬೆಲೆ, ಸದ್ದು, ಅದು ಕುಡಿಯುವ ಇಂಧನ ನೋಡಿ ಒಂದೊಂದಾಗಿ ಎಲ್ಲರೂ ಹಿಂದೆ ಸರಿದರು, ಏರ್ ಇಂಡಿಯಾವೂ ಸರಿಯಿತು. ಕೊನೆಗೆ ಉಳಿದದ್ದು ಕಟ್ಟಿಸಿದ ಎರಡು ದೇಶಗಳ ಎರಡು ಸಂಸ್ಥೆಗಳು, ಅವುಗಳ ಕೈಯಲ್ಲಿ 14 ವಿಮಾನ, ಒಂದೊಂದರಲ್ಲಿ ನೂರರಷ್ಟು ಸೀಟು.

‘ಮೊದಲು ಶ್ರೀಮಂತರಿಗೆ ಬರುತ್ತದೆ, ಆಮೇಲೆ ಎಲ್ಲರಿಗೂ ಅಗ್ಗವಾಗುತ್ತದೆ’ ಎಂಬುದು ವೇಗದ ವಕೀಲರ ಅಚ್ಚುಮೆಚ್ಚಿನ ಮಾತು. 27 ವರ್ಷ ಹಾರಿತಲ್ಲ, ಅಗ್ಗವಾಯಿತೆ? ಲಂಡನ್ನಿನ ಗುಮಾಸ್ತ, ಪ್ಯಾರಿಸ್ಸಿನ ದಾದಿ ಒಂದು ದಿನವಾದರೂ ಅದರಲ್ಲಿ ಕೂತು ಕೆಲಸಕ್ಕೆ ಹೋದರೆ? ಮೊದಲ ದಿನ ಶ್ರೀಮಂತರ ವಿಮಾನವಾಗಿದ್ದದ್ದು ಕೊನೆಯ ದಿನವೂ ಶ್ರೀಮಂತರದೇ ಆಗಿತ್ತು. ಈಗ ಬೂಮ್ ಕಂಪನಿ ಕಟ್ಟುತ್ತೇನೆ ಎನ್ನುವ ಓವರ್ಚರ್ ವಿಮಾನದಲ್ಲಿ 64ರಿಂದ 80 ಸೀಟು. ಕಾನ್ಕಾರ್ಡ್‌ಗಿಂತಲೂ ಕಡಿಮೆ!

ಜಗತ್ತಿನ ಬಡವನನ್ನು ಆಕಾಶಕ್ಕೆ ಹತ್ತಿಸಿದ್ದು ಬೇರೊಂದು ವಿಮಾನ. 1969ರ ಮಾರ್ಚಿನಲ್ಲಿ ಕಾನ್ಕಾರ್ಡ್ ಮೊದಲು ಹಾರಿತು, ಅದಕ್ಕೆ ಮೂರು ವಾರ ಮುಂಚೆ ಬೋಯಿಂಗ್ 747 ಹಾರಿತ್ತು. ಅದರ ವೇಗ ಕಾನ್ಕಾರ್ಡ್‌ನ ಅರ್ಧಕ್ಕಿಂತಲೂ ಕಡಿಮೆ, ಹೊಟ್ಟೆ ಮಾತ್ರ ದೊಡ್ಡದು, 350ಕ್ಕೂ ಹೆಚ್ಚು ಜನರನ್ನು ಹೊತ್ತೊಯ್ಯುತ್ತಿತ್ತು. ದೂರದ ಪ್ರಯಾಣದ ದರ ಇಳಿದದ್ದು ಅಂಥ ದೊಡ್ಡ ಹೊಟ್ಟೆಯ ನಿಧಾನದ ವಿಮಾನಗಳಿಂದ. ಏರ್ ಇಂಡಿಯಾ 1971ರಲ್ಲಿ ತಂದ ಮೊದಲ 747ಕ್ಕೆ ಇಟ್ಟ ಹೆಸರು ‘ಎಂಪರರ್ ಅಶೋಕ’.  ಆ ಅಶೋಕನ ನಂಟು ನಮಗೂ ಇದೆ: ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಹೆಸರು ಹಿಡಿದು ತೋರಿಸಿದ್ದು ನಮ್ಮ ಮಸ್ಕಿಯ ಬಂಡೆ, 1915ರಲ್ಲಿ ಸಿಕ್ಕಿತು. ದೊಡ್ಡವರಿಗೆ ಮಾತ್ರ ಇದು ದಕ್ಕುತ್ತದೆ ಎಂದುಕೊಳ್ಳಬೇಡಿ, ಚಿಕ್ಕವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿಗೆ ಹೊಳೆದದ್ದು ಇವತ್ತಿನ ಯೋಜನಾ ಇಲಾಖೆಗಳಿಗೆ ಹೊಳೆಯುವುದಿಲ್ಲ.

ಸದ್ದಿನ ಸಂಗತಿಗೆ ಬರೋಣ. 1964ರಲ್ಲಿ ಅಮೆರಿಕ ಸರ್ಕಾರ ಒಕ್ಲಹಾಮಾ ನಗರದ ಜನರ ತಲೆಯ ಮೇಲೆ ಆರು ತಿಂಗಳಲ್ಲಿ 1,253 ಸಲ ಸೂಪರ್‌ಸಾನಿಕ್ ಸಿಡಿತ ಹಾಯಿಸಿ ನೋಡಿತು. ಕಿಟಕಿ ಒಡೆದವು, ದೂರುಗಳು ಸಾವಿರಗಟ್ಟಲೆ ಬಂದವು. 1973ರಲ್ಲಿ ನೆಲದ ಮೇಲೆ ಇಂಥ ಹಾರಾಟವೇ ಕೂಡದು ಎಂಬ ನಿಷೇಧ ಬಂತು. ಲಂಡನ್–ಸಿಂಗಾಪುರ ಕಾನ್ಕಾರ್ಡ್ ಶುರುವಾದಾಗ ನಮ್ಮ ನೆಲದ ಮೇಲೆ ಶಬ್ದಾತೀತ ವೇಗದಲ್ಲಿ ಹಾರಲು ಭಾರತವೂ ಬಿಡಲಿಲ್ಲ. ಆ ದಿನ ದೆಹಲಿಯಲ್ಲಿ ಕೂತವರಿಗೆ ಬೆನ್ನುಮೂಳೆ ಇತ್ತು. ಯಾರೋ ನೂರು ಜನ ಒಂದಿಷ್ಟು ಬೇಗ ಸಿಂಗಾಪುರ ಮುಟ್ಟಲೆಂದು ಕೋಟಿ ಜನರ ಕಿವಿಯ ಮೇಲೆ ಗುಡುಗು ಕೆಡವಲು ಅವರು ಒಪ್ಪಲಿಲ್ಲ. ಈಗ ಅಮೆರಿಕದ ಅಧ್ಯಕ್ಷರು 2025ರ ಜೂನಿನಲ್ಲಿ ಒಂದು ಸಹಿ ಹಾಕಿ ಆ ಹಳೆಯ ನಿಷೇಧ ತೆಗೆಯಲು ಆದೇಶಿಸಿದ್ದಾರೆ. ನಾಳೆ ಅದೇ ಬೇಡಿಕೆ ನಮ್ಮ ಬಾಗಿಲಿಗೂ ಬರುತ್ತದೆ.

ಸದ್ದು ಹೇಗಿರುತ್ತದೆಂದು ಬೆಂಗಳೂರಿಗೆ ಗೊತ್ತಿದೆ. 2020ರ ಮೇ 20ರ ಮಧ್ಯಾಹ್ನ ನಗರದ ಮೇಲೊಂದು ಸಿಡಿತ ಕೇಳಿ ಭೂಕಂಪವಾಯಿತೆಂದು ಜನ ಹೆದರಿದರು. ವಾಯುಪಡೆಯ ಪರೀಕ್ಷಾರ್ಥ ವಿಮಾನದ ಸೂಪರ್‌ಸಾನಿಕ್ ಹಾರಾಟವದು ಎಂದು ರಕ್ಷಣಾ ಇಲಾಖೆ ಸಂಜೆಯ ಹೊತ್ತಿಗೆ ಹೇಳಿತು. ಒಂದೇ ಒಂದು ಸಿಡಿತಕ್ಕೆ ಟೀವಿಗಳು ದಿನವಿಡೀ ಬಾಯಿ ಮಾಡಿದವು. ಅದೇ ವರ್ಷದ ಕೊರೊನಾ ಲಾಕ್‌ಡೌನಿನಲ್ಲಿ, ಅದೇ ಬೆಂಗಳೂರಿನಿಂದ, ಗುಳೆ ಹೋಗಿದ್ದ ನಮ್ಮ ಕಡೆಯ ಜನ ಗಂಟುಮೂಟೆ ಹೊತ್ತು ನಡೆದುಕೊಂಡು ಊರಿಗೆ ಹೊರಟಿದ್ದರು. ಹಾಗೆ ಸಿಂಧನೂರಿನ ಕಡೆಗೆ ಹೊರಟ ಕೂಲಿಕಾರ ಹೆಣ್ಣುಮಗಳೊಬ್ಬಳು ಬಳ್ಳಾರಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಆಕೆಯ ವೇಗ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್. ಈ ದೇಶದಲ್ಲಿ ವೇಗದ ಬಗ್ಗೆ ಮಾತಾಡುವವರು ಆ ಲೆಕ್ಕದಿಂದ ಶುರು ಮಾಡಬೇಕು.

ಇನ್ನು ಆಸ್ಪತ್ರೆಯ ಮಾತು. ರಾಯಚೂರಿಗೆ ಏಮ್ಸ್ ಕೊಡಿ ಎಂದು ಜನ ಧರಣಿ ಕೂತದ್ದು 2022ರ ಮೇ ತಿಂಗಳಲ್ಲಿ. ಸಾವಿರ ದಿನ ದಾಟಿತು. ಐಐಟಿ ಕೇಳಿದೆವು, ಧಾರವಾಡಕ್ಕೆ ಹೋಯಿತು, ನಮಗೆ ಐಐಐಟಿ ಸಿಕ್ಕಿತು. ನಮಗೆ ವಿಶೇಷ ಸ್ಥಾನಮಾನವೆಂದು ಸಂವಿಧಾನಕ್ಕೆ 371ಜೆ ಸೇರಿಸಿದರು, ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಎಂದು ಕರೆದರು. ಹೃದಯ ಹಿಡಿದುಕೊಂಡ ಮನುಷ್ಯನನ್ನು ಈಗಲೂ ದೂರದ ಊರಿಗೆ ಸಾಗಿಸಬೇಕು. ಹೊಸದು ಕೊಡುವುದಿರಲಿ, ಇದ್ದದ್ದನ್ನೂ ಕಾಯಲಿಲ್ಲ: 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು, ನಮ್ಮ ಎಡದಂಡೆ ಕಾಲುವೆಯ ಭತ್ತಕ್ಕೆ ಬರಬೇಕಾದ ನೀರು ಹೊಳೆಯ ಪಾಲಾಯಿತು. ಎಪ್ಪತ್ತು ವರ್ಷದ ಒಂದು ಸರಪಳಿ ನೋಡಿಕೊಳ್ಳಲಾಗದ ವ್ಯವಸ್ಥೆಯೇ ನಮಗೆ ಹೈಪರ್‌ಲೂಪ್ ಪಾಠ ಹೇಳುತ್ತಿದೆ. ಆಸ್ಪತ್ರೆಯನ್ನು ರೋಗಿಯ ಹತ್ತಿರ ತಂದರೆ ರೋಗಿ ಯಾವ ವಿಮಾನವನ್ನೂ ಹತ್ತಬೇಕಿಲ್ಲ. ಇದಕ್ಕಿಂತ ದೊಡ್ಡ ವೇಗ ನನಗೆ ತಿಳಿದಿಲ್ಲ.

ಹೈಪರ್‌ಲೂಪ್ ಏನಾಯಿತು? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣ ಸಂಸ್ಥೆ ವರ್ಜಿನ್ ಹೈಪರ್‌ಲೂಪ್ ಜೊತೆ ಒಪ್ಪಂದ ಮಾಡಿಕೊಂಡಿತು. ನಿಲ್ದಾಣದಿಂದ ನಗರಕ್ಕೆ 10 ನಿಮಿಷ ಎಂದರು, ಮುಖಪುಟಗಳಲ್ಲಿ ಕೊಳವೆಯ ಬಣ್ಣದ ಚಿತ್ರ ಬಂತು. 2023ರ ಕೊನೆಗೆ ಆ ಕಂಪನಿಯೇ ಬಾಗಿಲು ಹಾಕಿತು. ಆಗ ಹೊಗಳಿದವರಲ್ಲಿ ಯಾರಾದರೂ ಈಗ ಜವಾಬು ಕೊಟ್ಟಿದ್ದಾರೆಯೆ? ಬುಲೆಟ್ ರೈಲಿನದೂ ಇದೇ ಕತೆ. ಮುಂಬೈ–ಅಹಮದಾಬಾದ್ ನಡುವೆ 508 ಕಿಲೋಮೀಟರಿಗೆ 1 ಲಕ್ಷ ಕೋಟಿ ರೂಪಾಯಿ ಮೀರಿದ ಅಂದಾಜು. 2017ರಲ್ಲಿ ಅಡಿಗಲ್ಲು, 2022ಕ್ಕೆ ಓಡುತ್ತದೆಂಬ ಮಾತು. 2022 ಬಂತು, ಹೋಯಿತು. ಈಗ ಹೈದರಾಬಾದ್–ಬೆಂಗಳೂರು ನಡುವೆಯೂ ಅಂಥದ್ದೇ ಬೇಕಂತೆ. ಎರಡು ಮಹಾನಗರಗಳನ್ನು ಜೋಡಿಸುವ ಉತ್ಸಾಹದಲ್ಲಿ ನಡುವಿನ ನೆಲ ಇವರ ಕಣ್ಣಿಗೆ ಬೀಳುವುದೇ ಇಲ್ಲ. ಆ ನಡುವಿನ ನೆಲದಲ್ಲೇ ನಾವಿದ್ದೇವೆ. ಆ ನಗರಗಳ ಅನ್ನ ಬೆಳೆಯುವುದೂ ಇಲ್ಲೇ, ಆ ನಗರಗಳ ಕಟ್ಟಡ ಕಟ್ಟುವ ಕೈಗಳು ರಾತ್ರಿ ಬಸ್ಸು ಹತ್ತುವುದೂ ಇಲ್ಲಿಂದಲೇ.

ನಮ್ಮ ಜಿಲ್ಲೆಯದೇ ಆದ ಲಿಂಗಸುಗೂರಿನ ಪಾಡು ಇನ್ನೂ ಕಡೆ. ಹಟ್ಟಿ ಗಣಿಯ ಚಿನ್ನ ದೇಶಕ್ಕೆ ಬೇಕು, ಹಟ್ಟಿಯಿರುವ ತಾಲ್ಲೂಕಿಗೆ ರೈಲು ಕೊಡಲು ಮಾತ್ರ ಆತುರವಿಲ್ಲ. ಗದಗ–ವಾಡಿ ಮಾರ್ಗ ಮಂಜೂರಾದದ್ದು 2013-14ರಲ್ಲಿ, ಅದರ ರೈಲು ಕುಷ್ಟಗಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಲಿಂಗಸುಗೂರು ಅದಕ್ಕೂ ಮುಂದೆ. ಅಲ್ಲಿಗೂ 27 ವರ್ಷವೇ ಹಿಡಿಯಬೇಕೆ? ಮಸ್ಕಿಯವರು ಯಾವ ಹಳಿಯ ಕಡೆ ನೋಡಬೇಕು? ರೈಲಿಗಷ್ಟೇ ಅಲ್ಲ, ಬಸ್ಸಿಗೂ ಇಲ್ಲಿ ಬರ: ಬಿತ್ತನೆ, ನಾಟಿ, ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮ ಹೆಣ್ಣುಮಕ್ಕಳು ಟಂಟಂ ಆಟೊಗಳಲ್ಲಿ ಒಬ್ಬರ ಮೇಲೊಬ್ಬರು ಕೂತು, ಕಾಲು ಹೊರಗೆ ಚಾಚಿ, ಭತ್ತದ ಲಾರಿಗಳ ನಡುವೆ ಹೆದ್ದಾರಿಯಲ್ಲಿ ಹೋಗುತ್ತಾರೆ. ಒಂದು ಗಾಡಿ ಮಗುಚಿದರೆ ಪರಿಹಾರದ ಚೆಕ್ಕು ಬರುತ್ತದೆ, ಬಸ್ಸು ಬರುವುದಿಲ್ಲ.

ಆದ್ದರಿಂದ ಸಂಸದರಿಗೆ, ರೈಲ್ವೆ ಮಂಡಳಿಗೆ, ವಿಧಾನಸೌಧಕ್ಕೆ ನೇರವಾಗಿ ಕೇಳುತ್ತೇನೆ. ಸಿಂಧನೂರಿನಿಂದ ಮಾನ್ವಿ ಹಾಯ್ದು ರಾಯಚೂರಿಗೆ ರೈಲು ಯಾವ ತಿಂಗಳ ಯಾವ ತಾರೀಕಿಗೆ ಓಡುತ್ತದೆಂದು ಬರೆದು, ಕೆಳಗೆ ಸಹಿ ಹಾಕಿ, ಸಿಂಧನೂರು ನಿಲ್ದಾಣದ ಗೋಡೆಗೆ ಅಂಟಿಸಿ. ಲಿಂಗಸುಗೂರಿನದೂ ಹಾಗೆಯೇ. ಕಾಲೇಜಿಗೆ ಹೋಗುವ ಹುಡುಗಿಯನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಟ್ಟಿಸುವ, ಜಿಲ್ಲಾಸ್ಪತ್ರೆಗೆ ಹೋದವರನ್ನು ಸಂಜೆಯೊಳಗೆ ಮನೆಗೆ ತರುವ ಪ್ಯಾಸೆಂಜರ್ ರೈಲು ಕೊಡಿ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ನಸುಕಿನ ಐದಕ್ಕೆ ಬಸ್ಸು ಬಿಡಿ. ಗಂಟೆಗೆ 60 ಕಿಲೋಮೀಟರ್ ಓಡಿದರೆ ಸಾಕು. ತಾರೀಕು ತಪ್ಪಿದರೆ ಯಾವ ಅಧಿಕಾರಿ, ಯಾವ ಮಂತ್ರಿ ಉತ್ತರ ಕೊಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಹೆಸರು ಹಿಡಿದು ಬರೆಯಿರಿ.