ಖಾಲಿ ಕೈ

ಹೋದ ಸಂಚಿಕೆಯಲ್ಲಿ ನನ್ನ ಅಂಕಣ ಯಾಕೆ ಇಲ್ಲ ಎಂದು ಇಬ್ಬರು ಮೂವರು ಓದುಗರು ಸಂಪಾದಕರನ್ನು ಕೇಳಿದರಂತೆ. ಪುಣೆಯಲ್ಲಿ ಇರಲಿಲ್ಲ ನೋಡಿ. ಎರಡು ತಿಂಗಳಿಂದ ಟೆಕ್ಸಾಸಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಫೋರ್ಟ್ ವರ್ತ್ ನಗರದ ಪಶ್ಚಿಮಕ್ಕೆ ವೆದರ್‌ಫರ್ಡ್ ಎಂಬ ಊರು, ಅದರ ಹೊರಗೆ ಇವರ ಮನೆ. ಈ ಕಡೆ ಬಂದ ನಮ್ಮವರೆಲ್ಲ ಹ್ಯೂಸ್ಟನ್ನಿನ ನಾಸಾ ನೋಡಿ ಫೋಟೊ ಕಳಿಸುತ್ತಾರೆ. ನಾನೂ ನೋಡಿದೆ. ಆದರೆ ಬರೆಯಲು ಹೊರಟಿರುವುದು ಬೇರೆ ವಿಷಯ. ಅರವತ್ತಾರನೆಯ ವಯಸ್ಸಿನಲ್ಲಿ, ಒಂದು ಶನಿವಾರ, ಬೆನ್ನಿಗೆ 214 ಎಂಬ ನಂಬರು ಚುಚ್ಚಿಕೊಂಡು, ಕುದುರೆಯ ಮೇಲೆ ಕೂತು ನಾನು ಮರ್ಯಾದೆ ಕಳೆದುಕೊಂಡ ಕತೆ. ನನ್ನ ಮರ್ಯಾದೆಯೊಂದೇ ಹೋಗಿದ್ದರೆ ಬರೆಯುತ್ತಿರಲಿಲ್ಲ.

ಈ ಅಂಕಣ ಓದುವವರಿಗೆ ನಾನು ಫೌಜಿನವನೆಂದು ಗೊತ್ತು. 1977ರಲ್ಲಿ ಧಾರವಾಡದಿಂದ ಒಂದು ಟ್ರಂಕು ಹಿಡಿದು ಖಡಕವಾಸ್ಲಾಕ್ಕೆ ಬಂದಾಗ ನಾನು ಹತ್ತಿದ್ದ ಪ್ರಾಣಿಯೆಂದರೆ ಸೋದರಮಾವನ ಎಮ್ಮೆ. ಅಲ್ಲಿ ಬೆಳಗಿನ ಕತ್ತಲಲ್ಲಿ ಕುದುರೆ ಹತ್ತಿಸಿದರು. ನಮ್ಮ ಉಸ್ತಾದ್ ಹರಿಯಾಣದವರು. ಅವರ ಬಾಯಲ್ಲಿ ಎರಡೇ ಮಾತು: ‘ಏಡಿ ನೀಚೆ’, ‘ಹಾಥ್ ನರಮ್’. ಹಿಮ್ಮಡಿ ಕೆಳಗೆ ಒತ್ತು, ಕೈ ಮೆತ್ತಗಿರಲಿ. ಮೊದಲನೆಯದನ್ನು ಕಲಿತೆ. ಎರಡನೆಯದನ್ನು ಕಲಿತಿದ್ದೇನೆ ಎಂದುಕೊಂಡಿದ್ದೆ. ಮುಂದೆ ಕೆಲವು ವರ್ಷ ಟೆಂಟ್ ಪೆಗ್ಗಿಂಗ್ ಆಡಿದೆ. ನೆಲದಲ್ಲಿ ನೆಟ್ಟ ಸಣ್ಣ ಮರದ ಗೂಟವನ್ನು ನಾಗಾಲೋಟದ ಕುದುರೆಯ ಮೇಲಿಂದ ಭರ್ಜಿಯಲ್ಲಿ ಚುಚ್ಚಿ ಎತ್ತುವ ಆಟ ಅದು. ನಿವೃತ್ತಿಯ ನಂತರವೂ ಭಾನುವಾರ ಬೆಳಿಗ್ಗೆ ಪುಣೆಯಲ್ಲಿ ಸವಾರಿ ಬಿಟ್ಟಿಲ್ಲ. ಹೀಗಾಗಿ ಟೆಕ್ಸಾಸಿಗೆ ಬಂದಾಗ ಕುದುರೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಠೀವಿಯಲ್ಲೇ ಬಂದೆ.

ಮೊಮ್ಮಗಳಿಗೆ ಹನ್ನೊಂದು ವರ್ಷ. ಅವಳಿಗೊಂದು ಕುದುರೆಯಿದೆ, ಹೆಸರು ಡಸ್ಟಿ. ಹದಿನಾರು ವರ್ಷದ, ಕಂದು ಮೈಯ, ಶಾಂತ ಸ್ವಭಾವದ ಕ್ವಾರ್ಟರ್ ಹಾರ್ಸ್. ಕಾಲು ಮೈಲಿಯ ಓಟದಲ್ಲಿ ಬೇರೆ ಯಾವ ತಳಿಯೂ ಸಮ ಇಲ್ಲ ಎಂದು ಈ ತಳಿಗೆ ಆ ಹೆಸರು. ಇದರ ವಂಶಾವಳಿ ಬರೆದಿಡುವ ಸಂಘ ಹುಟ್ಟಿದ್ದು 1940ರಲ್ಲಿ, ಇದೇ ಫೋರ್ಟ್ ವರ್ತ್‌ನಲ್ಲಿ. ನಮ್ಮ ರೇಸಿನ ಥರೋಬ್ರೆಡ್‌ಗಳ ಪಕ್ಕ ನಿಲ್ಲಿಸಿದರೆ ಕುಳ್ಳ, ಆದರೆ ಹಿಂಭಾಗ ಪೈಲ್ವಾನನ ತೊಡೆಯ ಹಾಗೆ.

ಮೊದಲ ದಿನ ಲಾಯಕ್ಕೆ ಹೋದಾಗಲೇ ಜೀನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡೆ. ನಾವು ಹಾಕುವ ಜೀನು ಆರೇಳು ಕಿಲೊ. ಇದು ಹದಿನೈದರ ಮೇಲೆ. ಮುಂದೆ ಒಂದು ಕೊಂಬು, ಹಿಂದೆ ಕುರ್ಚಿಯ ಹಾಗೆ ಎತ್ತರದ ಒರಗು, ರಿಕಾಬು ಬಹಳ ಕೆಳಗೆ. ಕಾಲು ಮಡಿಸಿ ಕೂರುವುದಿಲ್ಲ, ಇಳಿಬಿಟ್ಟು ಕೂರುವುದು. ಕೊಂಬು ಹಿಡಿದುಕೊಳ್ಳಲಿಕ್ಕೆ ಎಂದು ನಾನು ಭಾವಿಸಿದ್ದೆ. ಮೊಮ್ಮಗಳು ನಕ್ಕಳು. ಕರುವಿಗೆ ಹಗ್ಗ ಬೀಸಿ ಕುಣಿಕೆ ಬಿದ್ದ ಮೇಲೆ ಹಗ್ಗದ ಈ ತುದಿಯನ್ನು ಕೊಂಬಿಗೆ ಸುತ್ತುತ್ತಾರೆ, ಕರುವಿನ ಭಾರ ಸವಾರನ ಕೈಗೆ ಬರದೆ ಕುದುರೆಯ ಮೈಗೆ ಹೋಗುತ್ತದೆ. ಇದೆಲ್ಲ ಮೆಕ್ಸಿಕೊ ಕಡೆಯ ಸ್ಪ್ಯಾನಿಷ್ ದನಗಾಹಿಗಳಿಂದ ಬಂದ ವಿದ್ಯೆ. ಲಾ ರಿಯಾಟಾ ಎಂಬ ಅವರ ಹಗ್ಗ ಇವರ ಬಾಯಲ್ಲಿ ಲ್ಯಾರಿಯಟ್ ಆಯಿತು, ದನಗಾಹಿ ವಕೇರೊ ಹೋಗಿ ಬಕರೂ ಆದ. ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ಇಂಗ್ಲಿಷ್ ಶಬ್ದಗಳು ಏನೇನಾಗುತ್ತವೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಕಲಿತದ್ದಕ್ಕೆ ಇಲ್ಲಿ ಇಂಗ್ಲಿಷ್ ಸವಾರಿ ಎನ್ನುತ್ತಾರೆ, ಇವರದು ವೆಸ್ಟರ್ನ್. ಮುಖ್ಯ ವ್ಯತ್ಯಾಸ ಜೀನಿನಲ್ಲಿಲ್ಲ, ಲಗಾಮಿನಲ್ಲಿದೆ. ಇಂಗ್ಲಿಷ್ ಪದ್ಧತಿಯಲ್ಲಿ ಎರಡೂ ಕೈಯಲ್ಲಿ ಲಗಾಮು. ಕುದುರೆಯ ಬಾಯಿಗೂ ನಮ್ಮ ಬೆರಳಿಗೂ ನಡುವೆ ಸದಾ ಒಂದು ಸಣ್ಣ ಬಿಗಿ ಇರಬೇಕು, ಫೋನಿನ ಲೈನು ತೆರೆದಿಟ್ಟ ಹಾಗೆ. ವೆಸ್ಟರ್ನ್‌ನಲ್ಲಿ ಲಗಾಮು ಸಡಿಲವಾಗಿ ಜೋತಿರುತ್ತದೆ, ಒಂದೇ ಕೈಯಲ್ಲಿ. ಎಡಕ್ಕೆ ತಿರುಗಬೇಕೆಂದರೆ ಕೈ ತುಸು ಎಡಕ್ಕೆ ಸರಿಯುತ್ತದೆ, ಬಲಗಡೆಯ ಲಗಾಮು ಕುದುರೆಯ ಕತ್ತಿಗೆ ಒರಗುತ್ತದೆ, ಅಷ್ಟಕ್ಕೆ ಅದು ತಿರುಗುತ್ತದೆ. ಬಾಯಲ್ಲಿರುವ ಕಡಿವಾಣವೂ ಬೇರೆ. ಎರಡೂ ಬದಿಗೆ ಉದ್ದ ಕಡ್ಡಿಗಳಿದ್ದು ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತದೆ. ಬೆರಳಲ್ಲಿ ಎಳೆದದ್ದು ಅದರ ದವಡೆಗೆ ಮುಷ್ಟಿಯಲ್ಲಿ ಎಳೆದಂತೆ. ಅದಕ್ಕೇ ಸಡಿಲ ಬಿಡುವುದು.

ಶೋದ ನಿಯಮವೂ ಇಲ್ಲಿಂದಲೇ ಹುಟ್ಟಿದೆ. ಐದು ವರ್ಷದೊಳಗಿನ, ಇನ್ನೂ ಕಲಿಯುತ್ತಿರುವ ಕುದುರೆಗೆ ಮೆತ್ತನೆಯ ಕಡಿವಾಣ ಹಾಕಿ ಎರಡು ಕೈ ಬಳಸಬಹುದು. ದೊಡ್ಡ ಕುದುರೆಗೆ ಈ ಕಡ್ಡಿಯ ಕಡಿವಾಣ ಹಾಕಿದ ಮೇಲೆ ಒಂದೇ ಕೈ. ಯಾವುದಾದರೂ ಒಂದು, ಆದರೆ ನಡುವೆ ಬದಲಿಸುವಂತಿಲ್ಲ. ಇನ್ನೊಂದು ಕೈ ಲಗಾಮು ಮುಟ್ಟಿತೋ, ಹೊರಗೆ.

ಇದನ್ನು ಕೇಳಿ ನಾನು ಮೀಸೆಯಲ್ಲೇ ನಕ್ಕೆ. ಒಂದು ಕೈಯ ಸವಾರಿಯನ್ನು ನಮಗೆ ಇವರು ಹೇಳಿಕೊಡಬೇಕೆ? ಭರ್ಜಿ ಹಿಡಿದವನ ಲಗಾಮು ಇನ್ನೆಲ್ಲಿರುತ್ತದೆ, ಎಡಗೈಯಲ್ಲೇ. ದಿಲ್ಲಿಯ ಓದುಗರು ತೀನ್ ಮೂರ್ತಿ ವೃತ್ತ ನೋಡಿರುತ್ತೀರಿ. ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲಾನ್ಸರ್ ಪಡೆಗಳ ನೆನಪಿಗೆ ನಿಂತ ಮೂರು ವಿಗ್ರಹಗಳು ಅವು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು, ಜೋಧಪುರದ ಸವಾರರು ಮೆಷಿನ್ ಗನ್ನುಗಳ ಎದುರು ಕುದುರೆ ನುಗ್ಗಿಸಿದಾಗ ಲಗಾಮಿಗೆ ಎರಡು ಕೈ ಎಲ್ಲಿತ್ತು? ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ಆದ್ರೂ ಅಜ್ಜಾ, ನೀ ವಾಕ್-ಜಾಗ್ ಕ್ಲಾಸಿಗೇ ಹೆಸರು ಕೊಡು” ಅಂದಳು.

ವಾಕ್ ಎಂದರೆ ನಡಿಗೆ, ಜಾಗ್ ಎಂದರೆ ನಮ್ಮ ಟ್ರಾಟ್‌ನ ನಿಧಾನದ ತಮ್ಮ. ಅದರ ಮೇಲಿನದು ಲೋಪ್, ಅಂದರೆ ಕ್ಯಾಂಟರ್‌ನ ಆರಾಮದ ರೂಪ. ಹೊಸಬರಿಗೆಂದು ಲೋಪ್ ಇಲ್ಲದ ಕ್ಲಾಸು ಇರುತ್ತದೆ, ಅಲ್ಲಿ ಏಳೆಂಟು ವರ್ಷದ ಮಕ್ಕಳೂ ಇರುತ್ತಾರೆ. ಅವರ ನಡುವೆ ನಾನು? ಮೂರೂ ಗತಿಯಿರುವ ದೊಡ್ಡವರ ಕ್ಲಾಸಿಗೇ ಹೆಸರು ಬರೆಸಿದೆ. ಮಗಳು ಒಂದೇ ಷರತ್ತು ಹಾಕಿದಳು: “ಅಪ್ಪಾ, ಟೋಪಿ ಗೀಪಿ ನಡಿಯೂದಿಲ್ಲ. ಹೆಲ್ಮೆಟ್ ಹಾಕ್ಕೊಳ್ಳದಿದ್ರ ಕುದುರಿ ಹತ್ತಬ್ಯಾಡ.” ಕೌಬಾಯ್ ಟೋಪಿಯ ಆಸೆ ಅಲ್ಲಿಗೇ ಮುಗಿಯಿತು. ಹೆಲ್ಮೆಟ್ ಹಾಕಿದರೆ ಅಂಕ ಹೋಗುವುದಿಲ್ಲ ಅನ್ನುವುದೊಂದೇ ಸಮಾಧಾನ.

ಒಂದೂವರೆ ತಿಂಗಳು ವಾರಕ್ಕೆ ಎರಡು ಸಲ ಅಭ್ಯಾಸ. ಗುರು ಮೊಮ್ಮಗಳೇ. ಜಾಗ್ ಶುರುವಾದರೆ ನಾನು ರಿಕಾಬಿನ ಮೇಲೆ ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದೆ, ನಲವತ್ತೇಳು ವರ್ಷದ ಚಾಳಿ. “ಅಜ್ಜಾ, ಕೂಡು!” ಎಂದು ಅವಳು ಬೇಲಿಯ ಮೇಲೆ ಕೂತು ಕೂಗುವಳು. ಎರಡನೆಯ ವಾರಕ್ಕೆ ಅದು ಹೋಯಿತು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿರು ಅಂದಳು, ಇಟ್ಟುಕೊಂಡೆ. ಖಾಲಿ ಮೈದಾನದಲ್ಲಿ ಡಸ್ಟಿಯೊಬ್ಬನೇ, ನಾನೊಬ್ಬನೇ. ಕೈ ಅಲ್ಲೇ ಇತ್ತು.

ಶೋ ದೊಡ್ಡದೇನಲ್ಲ. ಊರಿನ ತಗಡಿನ ಮಾಡಿನ ಕೆಳಗಿನ ಮೈದಾನ, ಮರದ ಮೆಟ್ಟಿಲಲ್ಲಿ ನೂರು ಜನ, ಕಾಫಿ, ಡೋನಟ್, ಹಾರ್ಸ್ ಟ್ರೇಲರುಗಳ ಸಾಲು. ನನ್ನ ಕ್ಲಾಸು ಹನ್ನೊಂದಕ್ಕೆ, ಅದೇ ಕುದುರೆಯ ಮೇಲೆ ಮೊಮ್ಮಗಳ ಕ್ಲಾಸು ಹನ್ನೆರಡರ ಸುಮಾರಿಗೆ. ಒಂದೇ ಕುದುರೆಯನ್ನು ಮನೆಯ ಇಬ್ಬರು ಹತ್ತುವುದು ಇಲ್ಲಿ ಸಾಮಾನ್ಯ. ಹೋದ ಸಲ ಅವಳಿಗೆ ನೀಲಿ ರಿಬ್ಬನ್ ಬಂದಿತ್ತು. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು. ಬ್ರಿಟನ್ನಿನಲ್ಲಿ ಇದರ ಉಲ್ಟಾ.

ಏಳು ಜನ ಒಳಗೆ ಹೋದೆವು. ನಡಿಗೆ ಸರಿಯಾಯಿತು. ಜಾಗ್‌ನಲ್ಲಿ ಕೂತೇ ಇದ್ದೆ, ಬೇಲಿಯ ಕಡೆ ನೋಡಿದರೆ ಮೊಮ್ಮಗಳ ಹೆಬ್ಬೆರಳು ಮೇಲೆ. ಮೈಕಿನಲ್ಲಿ ಲೋಪ್ ಎಂದರು. ಡಸ್ಟಿ ತೊಟ್ಟಿಲು ತೂಗಿದ ಹಾಗೆ ಹೊರಟ. ಅರ್ಧ ಸುತ್ತು ಮುಗಿದಿರಬೇಕು, ಮೂಲೆಯಲ್ಲಿ ಹಿಂದಿನಿಂದ ಬೂದು ಬಣ್ಣದ ಕುದುರೆಯೊಂದು ನನಗೂ ಬೇಲಿಗೂ ನಡುವೆ ನುಗ್ಗಿತು. ನನ್ನ ಮೊಣಕಾಲು ಅದರ ಸವಾರಳ ಮೊಣಕಾಲಿಗೆ ತಾಗಿತು. ಅಷ್ಟೇ. ನನ್ನ ಕಾಲು ಬಿಗಿಯಿತು, ಎಡಗೈ ಹಿಂದಕ್ಕೆ ಬಂತು, ತೊಡೆಯ ಮೇಲಿದ್ದ ಬಲಗೈ ಹೋಗಿ ಲಗಾಮು ಹಿಡಿಯಿತು. ಹೋಗು ಎಂದು ಕಾಲು ಹೇಳುತ್ತಿದೆ, ನಿಲ್ಲು ಎಂದು ಬಾಯಿಯ ಕಬ್ಬಿಣ ಹೇಳುತ್ತಿದೆ. ಡಸ್ಟಿ ಬಾಯಿ ತೆರೆದು ತಲೆ ಮೇಲಕ್ಕೆ ಎಸೆದ, ಎರಡು ಹೆಜ್ಜೆ ಅಡ್ಡ ಹೋದ, ಲೋಪ್ ಮುರಿದು ನಿಂತೇಬಿಟ್ಟ. ನಾಲ್ಕು ಸೆಕೆಂಡು ಇರಬಹುದು. ಬಲಗೈ ಅಲ್ಲಿಗೆ ಹೋದದ್ದು ನನಗೆ ತಿಳಿಯಲೇ ಇಲ್ಲ. ಕೊನೆಗೆ ಸಾಲಾಗಿ ನಿಂತಾಗ ಆರು ನಂಬರು ಕೂಗಿದರು, 214 ಇಲ್ಲ. ಜಡ್ಜ್ ನನ್ನ ಹತ್ತಿರ ಬಂದು ತನ್ನ ಎರಡೂ ಮುಷ್ಟಿ ಜೋಡಿಸಿ ತೋರಿಸಿದರು, ನಯವಾಗಿ. ಆಗ ಗೊತ್ತಾಯಿತು.

ಹೊರಗೆ ಬಂದಾಗ ಮೊಮ್ಮಗಳು ನನ್ನನ್ನು ನೋಡಲಿಲ್ಲ. ಡಸ್ಟಿಯ ತುಟಿ ಎತ್ತಿ ನೋಡಿದಳು, ದವಡೆಯ ಕೆಳಗಿನ ಸರಪಳಿ ಬಿಚ್ಚಿ ಬೆರಳಲ್ಲಿ ಸವರಿದಳು. ನಾನು ಇಂಗ್ಲಿಷಿನಲ್ಲಿ ಸಾರಿ ಅಂದೆ. ಅವಳು ಕನ್ನಡದಲ್ಲಿ ಹೇಳಿದಳು: “ಅಜ್ಜಾ, ಅವನ ಬಾಯಿ ನೋಯ್ತದ.” ಅಮೆರಿಕದಲ್ಲಿ ಹುಟ್ಟಿದ ಹುಡುಗಿಯ ಬಾಯಲ್ಲಿ ನನ್ನವ್ವನ ಧಾಟಿ. ಬೇರೆ ದಿನವಾಗಿದ್ದರೆ ಎಷ್ಟು ಹಿಗ್ಗುತ್ತಿದ್ದೆನೋ.

ಅವಳ ಕ್ಲಾಸಿಗೆ ಮುಕ್ಕಾಲು ತಾಸಿತ್ತು. ಅಷ್ಟೂ ಹೊತ್ತು ಟ್ರೇಲರುಗಳ ಹಿಂದಿನ ಹುಲ್ಲಿನಲ್ಲಿ ಲಗಾಮು ಪೂರ್ತಿ ಬಿಟ್ಟು ಅವನನ್ನು ನಡೆಸುತ್ತಲೇ ಇದ್ದಳು. ಒಳಗೆ ಹೋದ ಮೇಲೂ ಅವಳ ಕೈ ತುಸು ಎತ್ತಿದರೆ ಸಾಕು, ಡಸ್ಟಿ ಮೂಗು ಮೇಲೆ ಮಾಡುತ್ತಿದ್ದ, ಮತ್ತೆ ಎಳೆತ ಬರುತ್ತದೇನೋ ಎಂದು ಕಾಯುವವನ ಹಾಗೆ. ಅವಳು ಎಳೆಯಲಿಲ್ಲ, ಕಾಯ್ದಳು. ಎರಡನೆಯ ಸುತ್ತಿಗೆ ತಲೆ ಇಳಿಯಿತು. ನಾಲ್ಕನೆಯ ಸ್ಥಾನ, ಬಿಳಿ ರಿಬ್ಬನ್. ಆ ನೀಲಿ ಬಿಳಿಯಾದದ್ದು ಯಾರ ಕೈಯಿಂದ ಎಂದು ಕಾರಿನಲ್ಲಿ ಯಾರೂ ಹೇಳಲಿಲ್ಲ. ಅಳಿಯ ಪಾಪ, ಹವೆಯ ಬಗ್ಗೆ ಮಾತಾಡಿದ.

ರಾತ್ರಿ ನಿದ್ದೆ ಬರಲಿಲ್ಲ. ಭರ್ಜಿ ಹಿಡಿದು ಸಾವಿರ ಸಲ ಓಡಿದ್ದೇನೆ, ಆಗ ಒಮ್ಮೆಯೂ ಬಲಗೈ ಲಗಾಮಿಗೆ ಹೋಗಲಿಲ್ಲವಲ್ಲ, ಈಗ ಯಾಕೆ ಹೋಯಿತು? ಬೆಳಗಿನ ಜಾವ ಹೊಳೆಯಿತು. ಆಗ ಆ ಕೈಯಲ್ಲಿ ಭರ್ಜಿ ಇತ್ತು, ಅದಕ್ಕೊಂದು ಕೆಲಸವಿತ್ತು. ದನಗಾಹಿಯ ಕೈಯಲ್ಲಿ ಹಗ್ಗ ಇರುತ್ತಿತ್ತು. ಶೋದ ಮೈದಾನದಲ್ಲಿ ಭರ್ಜಿಯೂ ಇಲ್ಲ, ಹಗ್ಗವೂ ಇಲ್ಲ, ಕೈ ಸುಮ್ಮನೆ ಇರಬೇಕು. ಕೆಲಸವಿಲ್ಲದ ನನ್ನ ಕೈ ಹೆದರಿದಾಗ ತನಗೆ ಗೊತ್ತಿದ್ದ ಹಳೆಯ ಮನೆಗೇ ಓಡಿತು. ನಿವೃತ್ತರಾದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಇನ್ನು ಡಸ್ಟಿಯನ್ನು ಹತ್ತುವುದಿಲ್ಲ ಎಂದೂ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಅಡುಗೆಮನೆಗೆ ಹೋಗಿ ಪ್ಲಾಸ್ಟಿಕ್ ಮಗ್ಗಿನಲ್ಲಿ ಅಂಚಿನವರೆಗೆ ನೀರು ತುಂಬಿ ತಂದಳು. “ಬಲಗೈಯಾಗ ಹಿಡಿ. ಚೆಲ್ಲಬಾರದು. ನಾ ಜಾನಿ ಮ್ಯಾಲೆ ಬಂದು ನಿನಗ ಬಡೀತೀನಿ,” ಅಂದಳು. ಜಾನಿ ಎಂದರೆ ಲಾಯದಲ್ಲಿರುವ ಪಕ್ಕದ ಮನೆಯವರ ಕುದುರೆ. ಡಸ್ಟಿಗೆ ಆ ವಾರ ಕಡ್ಡಿಯ ಕಡಿವಾಣ ತೆಗೆದು ಮೆತ್ತನೆಯದನ್ನು ಹಾಕಿದ್ದಳು, ನನ್ನ ಕೈಯ ಮೇಲೆ ಅವಳಿಗೆ ಭರವಸೆ ಅಷ್ಟೇ.

ಮೊದಲ ದಿನ ಮೂರು ಸಲ ಬಂದು ಡಿಕ್ಕಿ ಹೊಡೆದಳು. ಮಗ್ಗಿನಲ್ಲಿ ಉಳಿದದ್ದು ಒಂದು ಗುಟುಕು, ಮಿಕ್ಕಿದ್ದೆಲ್ಲ ನನ್ನ ಪ್ಯಾಂಟಿನ ಮೇಲೆ. ನಿನ್ನೆ ಅರ್ಧ ಮಗ್ಗು ಉಳಿಯಿತು. ಪುಣೆಗೆ ಟಿಕೆಟ್ಟು ಇನ್ನೂ ಮೂರು ವಾರ ಇದೆ.